ಹೊನ್ನೆಮರಡಿಯಲ್ಲಿ ತಟ್ಟೆ ತೊಳೆದದ್ದು

ಹೊನ್ನೆಮರಡಿಯ ಹೆಂಗಸರು ನಮ್ಮ ಬಸ್ಸಿಗೆ ಅಡ್ಡ ನಿಂತ ದಿನ ನಾನು ಮೈಕು ಹಿಡಿದು ಅಂತ್ಯಾಕ್ಷರಿ ಆಡಿಸುತ್ತಿದ್ದೆ. ಎಡಗಡೆ ಸೀಟಿನವರು ಒಂದು ಗುಂಪು, ಬಲಗಡೆಯವರು ಇನ್ನೊಂದು. ಡ್ರೈವರ್ ಮುರುಗೇಶ ಗಕ್ಕನೆ ಬ್ರೇಕು ಒತ್ತಿದ. ಸಾವರಿಸಿಕೊಂಡು ನೋಡಿದರೆ ರಸ್ತೆಯ ನಡುವೆ ಏಳೆಂಟು ಹೆಂಗಸರು ನಿಂತಿದ್ದರು. ಮುಂದಿದ್ದವಳ ಕೈಯಲ್ಲಿ ಸಿಮೆಂಟು ಹೊರುವ ಬಾಂಡ್ಲಿ ಇತ್ತು.

ನಾನು ಲತಾ, ಮನೆ ಬಸವೇಶ್ವರನಗರ. ಆಗ ಕೆರೆಕೋಡಿ ಟೂರ್ಸ್‌ನಲ್ಲಿ ಟೂರ್ ಮ್ಯಾನೇಜರ್ ಆಗಿ ಹನ್ನೊಂದು ವರ್ಷವಾಗಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ವಿಜಯನಗರದಿಂದ ನಲವತ್ತೆರಡು ಜನರನ್ನು ಹೊರಡಿಸಿ, ಎರಡು ದೇವಸ್ಥಾನ ತೋರಿಸಿ, ಹೊನ್ನೆಮರಡಿಯ ಹೊಳೆದಂಡೆಯಲ್ಲಿ ಊಟ ಹಾಕಿಸಿ, ಸಂಜೆಗೆ ವಾಪಸು ಕರೆತರುವುದು ನನ್ನ ಕೆಲಸ. ಜನ ಬರುತ್ತಿದ್ದದ್ದು ದೇವಸ್ಥಾನಕ್ಕಿಂತ ಹೆಚ್ಚಾಗಿ ಪಾರವ್ವನ ಊಟಕ್ಕೆ. ಬುಕ್ ಮಾಡಲು ಫೋನ್ ಮಾಡಿದವರು ಮೊದಲು ಕೇಳುತ್ತಿದ್ದದ್ದೇ, "ಆ ರೊಟ್ಟಿ ಆಂಟಿ ಬರ್ತಾರಾ?" ಎಂದು.

ಪಾರವ್ವ ಬಾಗಲಕೋಟೆ ಕಡೆಯವಳು. ಗಾರ್ಮೆಂಟ್ಸ್ ಕೆಲಸಕ್ಕೆಂದು ಗಂಡನೊಡನೆ ಕಾಮಾಕ್ಷಿಪಾಳ್ಯಕ್ಕೆ ಬಂದಿದ್ದಳು. ಆ ಘಟಕ ಮುಚ್ಚಿದ ಮೇಲೆ ಮನೆಯಲ್ಲೇ ಜೋಳದ ರೊಟ್ಟಿ ತಟ್ಟಿ ಮಾರುತ್ತಿದ್ದವಳನ್ನು ನಾನೇ ಟೂರಿಗೆ ಕರೆತಂದಿದ್ದೆ. ಐವತ್ತು ದಾಟಿದ, ಕಡಿಮೆ ಮಾತಿನ ಹೆಂಗಸು. ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನವನ್ನು ಡಬ್ಬಿಗಳಲ್ಲಿ ತುಂಬಿಕೊಂಡು ಬಸ್ಸಿನ ಕೊನೆಯ ಸೀಟಿನಲ್ಲಿ ಕೂರುತ್ತಿದ್ದಳು.

ಬಾಂಡ್ಲಿ ಹಿಡಿದಿದ್ದ ಹೆಂಗಸಿನ ಹೆಸರು ಪುಟ್ಟಮಾದಮ್ಮ. ನಾನು ಕೆಳಗಿಳಿದು, "ಏನಾಯ್ತಮ್ಮ?" ಎಂದೆ. ಅವಳು ಬಾಂಡ್ಲಿಯನ್ನು ನನ್ನ ಕಾಲ ಮುಂದೆ ಬೋರಲು ಹಾಕಿದಳು. ಕೊಳೆತ ವಾಸನೆ ಎದ್ದಿತು. ಕರ್ರಗಾದ ಪ್ಲಾಸ್ಟಿಕ್ ಕವರುಗಳ ಮುದ್ದೆ, ಚಮಚಗಳು, ಥರ್ಮಾಕೋಲ್ ಚೂರುಗಳು.

"ನನ್ ಹಸೀನ್ ಹೊಟ್ಟೇಲಿದ್ದುದ್ದು. ಡಾಕ್ಟ್ರು ಕುಯ್ದು ತೆಗುದ್ರು, ಹಸ ಉಳೀನಿಲ್ಲ" ಎಂದಳು. ಕಾಲಿನಿಂದ ಒಂದು ಕವರನ್ನು ಬಿಡಿಸಿ ತೋರಿಸಿದಳು. ಮಾಸಿದ ಹಸಿರು ಅಕ್ಷರಗಳಲ್ಲಿ ಕೆರೆಕೋಡಿ ಟೂರ್ಸ್ ಎಂದಿತ್ತು. ದೇವಸ್ಥಾನದ ಪ್ರಸಾದ ಹಾಕಿಕೊಳ್ಳಲಿ ಎಂದು ನಾವು ಪ್ರತಿಯೊಬ್ಬರಿಗೂ ಕೊಡುತ್ತಿದ್ದ ಕವರು.

"ನೀವು ನಿಮ್ಮನೇಲೂ ಹಿಂಗೇ ಉಣ್ತೀರವ್ವ? ಉಂಡು, ಉಂಡ್ ಜಾಗದಲ್ಲೇ ಬಿಸಾಕಿ ಎದ್ದೋಯ್ತೀರಾ?"

ಊಟವಾದ ಮೇಲೆ ನಾವು ತಟ್ಟೆಗಳನ್ನೆಲ್ಲ ಕಪ್ಪು ಚೀಲಗಳಿಗೆ ತುಂಬಿಸುತ್ತಿದ್ದೆವು, ಅದು ನಿಜ. ಆ ಚೀಲಗಳನ್ನು ಊರಾಚೆಯ ತಿರುವಿನಲ್ಲಿ ಹಳ್ಳಕ್ಕೆ ಎಸೆಯುತ್ತಿದ್ದೆವು, ಅದೂ ನಿಜ. ಎಲ್ಲ ಟೂರಿನವರೂ ಅಲ್ಲೇ ಎಸೆಯುತ್ತಿದ್ದರು. ಬಸ್ಸಿನಲ್ಲಿ ಮಾತ್ರ ನಾನು ಪ್ರತಿ ವಾರ ಮೈಕಿನಲ್ಲಿ, "ದಯವಿಟ್ಟು ಕಿಟಕಿಯಿಂದ ಕಸ ಎಸೆಯಬೇಡಿ, ಪ್ರಕೃತಿ ನಮ್ಮ ತಾಯಿ" ಎಂದು ಹೇಳುತ್ತಿದ್ದೆ. ಕೇಳಿದವರು ಚಪ್ಪಾಳೆಯನ್ನೂ ತಟ್ಟುತ್ತಿದ್ದರು. ಆಮೇಲೆ ಯಾರೋ ಒಬ್ಬರ ಚಿಪ್ಸ್ ಪ್ಯಾಕೆಟ್ಟು ಹಾರಿಹೋಗುತ್ತಿತ್ತು, ಅದರ ಹಿಂದೆಯೇ ಹತ್ತು.

ಪಾರವ್ವ ಯಾವಾಗ ಇಳಿದು ಬಂದಳೋ ನೋಡಲಿಲ್ಲ. ಆ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಕವರನ್ನು ಎತ್ತಿಕೊಂಡು ಅದರ ಬಾಯಿಗೆ ಹಾಕಿದ್ದ ಗಂಟನ್ನು ತಿರುಗಿಸಿ ನೋಡಿದಳು. ಬುತ್ತಿ ಕಟ್ಟುವ ಗಂಟು ಅದು. ಎರಡು ಕಿವಿ ಒಳಗೆ ಮಡಚಿ ಮೂರು ಸುತ್ತು ಸುತ್ತಿದ್ದು.

"ಇದು ನಾ ಕಟ್ಟಿದ ಗಂಟು" ಎಂದಳು. "ಉಳದ ಅನ್ನಾ ಇದರಾಗ ಕಟ್ಟಿ ನಾನ ಚೀಲಕ್ಕ ಹಾಕಿದ್ದೆ. ಅನ್ನದ ವಾಸನೀಗೆ ಆಕಳಾ ಬಾಯಿ ಹಾಕೈತಿ."

ಪುಟ್ಟಮಾದಮ್ಮ ಬಾಂಡ್ಲಿಯನ್ನು ಅವಳ ಕಡೆ ಸರಿಸಿದಳು. ಬೈಯಲಿಲ್ಲ. ಪಾರವ್ವ ಕೈ ಮುಗಿಯಲೂ ಇಲ್ಲ, ಕ್ಷಮೆ ಕೇಳಲೂ ಇಲ್ಲ. ಆ ಗಲೀಜನ್ನೆಲ್ಲ ಬರಿಗೈಯಲ್ಲಿ ಬಾಚಿ ಬಾಂಡ್ಲಿಗೆ ತುಂಬಿ, ಬಸ್ಸಿನ ಹಿಂದಿನ ಡಿಕ್ಕಿ ತೆಗೆಸಿ, ಹೆಚ್ಚಿಗೆ ತಂದಿದ್ದ ಖಾಲಿ ಡಬ್ಬಿಯೊಂದಕ್ಕೆ ಸುರಿದುಕೊಂಡಳು. ಆ ದಿನ ನಾವು ಹೊಳೆಗೆ ಹೋಗಲಿಲ್ಲ. ಬಸ್ಸಿನೊಳಗೇ ಊಟ ಬಡಿಸಿ ಹಿಂದಕ್ಕೆ ಬಂದೆವು.

ಮಾರನೆಯ ದಿನ ಪಾರವ್ವ ಆ ಡಬ್ಬಿಯನ್ನು ಆಫೀಸಿಗೇ ತಂದಳು. ನಮ್ಮ ಆಫೀಸು ವಿಜಯನಗರದಲ್ಲಿ ಒಂದು ಬೇಕರಿಯ ಮೇಲೆ. ಓನರ್ ಅರುಣ್ ಕುಮಾರ್‌ಗೆ ಮೂವತ್ತೈದು ವರ್ಷ. ಅವರ ತಾತ ಮಲ್ಲತ್ತಹಳ್ಳಿ ಕೆರೆಯ ಕೋಡಿ ಕೆಳಗೆ ರಾಗಿ, ಭತ್ತ ಬೆಳೆದವರು. ಜಮೀನು ಲೇಔಟ್ ಆದ ಮೇಲೆ ಅಪ್ಪ ಬಸ್ಸುಗಳನ್ನು ಮಾಡಿದರು. ಕಂಪನಿಯ ಹೆಸರಿನಲ್ಲಿ ಮಾತ್ರ ಕೋಡಿ ಉಳಿದಿತ್ತು.

ಡಬ್ಬಿಯ ಮುಚ್ಚಳ ತೆಗೆದದ್ದೇ ಅರುಣ್ ಕುಮಾರ್ ಕುರ್ಚಿಯಿಂದ ಎದ್ದುನಿಂತರು. "ಅಯ್ಯೋ, ಮುಚ್ರೀ ಅದನ್ನ! ಲತಾ ಮೇಡಂ, ಏನಿದು? ಸರಿ ಬಿಡಿ, ಮುಂದಿನ ವಾರದಿಂದ ಆ ಜಾಗ ಬೇಡ. ಹೊಳೆ ಆಚೆ ದಡದಲ್ಲಿ ಇನ್ನೊಂದು ಕಡೆ ನೋಡಿದೀನಿ. ಅಲ್ಲಿಗೆ ಹೋಗಿ."

"ಅಲ್ಲಿ ದನಾ ಇಲ್ಲೇನ್ರಿ?" ಎಂದಳು ಪಾರವ್ವ.

"ಅದೆಲ್ಲ ನಿಮಗ್ಯಾಕೆ?"

"ಅದು ನಾ ಕಟ್ಟಿದ ಗಂಟ, ಅದಕ್ಕ. ಬರೂ ರವಿವಾರದಿಂದ ನಾ ಆ ಬಿಸಾಕೂ ತಾಟಿನ್ಯಾಗ ಬಡಸಂಗಿಲ್ರಿ. ಸ್ಟೀಲ್ ತಾಟ ತರ್ತೀನಿ. ಉಂಡವರು ತಮ್ಮ ತಾಟ ತಾವು ತೊಳದ್ ಕೊಡಬೇಕು."

ಅರುಣ್ ಕುಮಾರ್ ನಕ್ಕುಬಿಟ್ಟರು. "ನೋಡಿ ಪಾರವ್ವ, ಜನ ರಜಾ ಅಂತ ಬರ್ತಾರೆ. ವಾರವೆಲ್ಲ ಮನೇಲಿ ಪಾತ್ರೆ ತೊಳ್ದು ಸಾಕಾಗಿರೋ ಹೆಂಗಸ್ರು. ಅವರ ಕೈಲಿ ಇಲ್ಲೂ ತೊಳೆಸ್ತೀರಾ?"

"ಹೆಂಗಸರಷ್ಟ ಯಾಕ್ರಿ? ಗಂಡಸರು ಉಣ್ಣಂಗಿಲ್ಲೇನು?"

ನಾನು ನಡುವೆ ಬಾಯಿ ಹಾಕಿ, ಬೇಕಾದರೆ ಅಡಕೆ ಹಾಳೆಯ ತಟ್ಟೆ ತರಿಸೋಣ, ಬಾಳೆ ಎಲೆಯಾದರೂ ಆದೀತು ಎಂದೆ. ಪಾರವ್ವ ನನ್ನ ಕಡೆ ತಿರುಗಿದಳು.

"ಎಲಿ ಆದ್ರೂ ಒಗದು ಹೋಗೂದ ಅಲ್ರಿ ಅಕ್ಕಾರ? ತಾಟ ಆದ್ರ ತಿರುಗಿ ತಂದು ಕೊಡಬೇಕಾಕ್ಕೈತಿ. ತಂದು ಕೊಡೂದು ಕಲೀಲಿ."

ಅರುಣ್ ಕುಮಾರ್ ಕ್ಯಾಲೆಂಡರಿನ ಕಡೆ ನೋಡಿದರು. ಮುಂದಿನ ಭಾನುವಾರ ಫುಲ್ ಆಗಿತ್ತು. ಅಷ್ಟರೊಳಗೆ ಬೇರೆ ಅಡುಗೆಯವರು ಸಿಗುವಂತಿರಲಿಲ್ಲ. "ಒಂದೇ ಒಂದು ಟ್ರಿಪ್ಪು" ಎಂದರು, "ಒಂದೇ ಒಂದು ಕಂಪ್ಲೇಂಟ್ ಬಂದ್ರೆ ಅಲ್ಲಿಗೆ ಮುಗೀತು. ಲತಾ ಮೇಡಂ, ನಿಮಗೂ ಸೇರಿಸಿ ಹೇಳ್ತಾ ಇದೀನಿ."

ನಾನು ತಲೆಯಾಡಿಸಿದೆ. ಹನ್ನೊಂದು ವರ್ಷದಿಂದ ಆ ಆಫೀಸಿನಲ್ಲಿ ನಾನು ತಲೆಯಾಡಿಸುವುದನ್ನು ಬಿಟ್ಟು ಬೇರೇನೂ ಮಾಡಿರಲಿಲ್ಲ.

ತಟ್ಟೆಗಳು ಬಂದದ್ದು ಪಾರವ್ವನ ಗಲ್ಲಿಯಿಂದ. ಅಲ್ಲಿನ ಹೆಂಗಸರ ಸಂಘದವರು ಸೀಮಂತ, ನಾಮಕರಣಕ್ಕೆಂದು ಐವತ್ತು ಸ್ಟೀಲ್ ತಟ್ಟೆ, ಐವತ್ತು ಲೋಟ ಇಟ್ಟುಕೊಂಡಿದ್ದರು. ಶನಿವಾರ ಮಧ್ಯಾಹ್ನ ನಾನು ಅವನ್ನು ನೋಡಲು ಕಾಮಾಕ್ಷಿಪಾಳ್ಯಕ್ಕೆ ಹೋದಾಗ ಪಾರವ್ವ ಒಲೆಯ ಬೂದಿಯನ್ನು ಜರಡಿ ಹಿಡಿಯುತ್ತಿದ್ದಳು. ಪಕ್ಕದಲ್ಲಿ ಸೀಗೆಪುಡಿ, ತೆಂಗಿನ ನಾರಿನ ಕಟ್ಟು.

"ಪಾರವ್ವ, ಸೋಪು ತಗೊಳ್ಳಬಹುದಲ್ಲ?" ಎಂದೆ.

"ಹೊಳೀ ಬಾಜೂಕ ಸೋಪ್ ಯಾಕ್ರಿ? ಮೀನು ಕೊಬ್ಬರಿ ಎಣ್ಣಿ ಹಚ್ಕೊಂಡು ಸ್ನಾನಕ್ಕ ಕುಂತಾವೇನು?" ಎಂದು ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

"ಜನ ಒಪ್ಪದೇ ಹೋದ್ರೆ?"

"ನಾ ಒಪ್ಪೀರೇನು ಅಂತ ಕೇಳಂಗೇ ಇಲ್ಲಲ್ರಿ."

ಭಾನುವಾರ ಬಸ್ಸು ಹೊರಟಾಗ ಡಿಕ್ಕಿಯಲ್ಲಿ ಐವತ್ತು ತಟ್ಟೆ ಗಲಗಲ ಎನ್ನುತ್ತಿದ್ದವು. ಮುರುಗೇಶ ರಸ್ತೆಯ ಪ್ರತಿ ಉಬ್ಬಿಗೂ ಮುಖ ಹಿಂಡುತ್ತಿದ್ದ. "ಮೇಡಂ, ಏನಿದು ಪಾತ್ರೆ ಅಂಗಡಿ ಎತ್ಕೊಂಡು ಓಡ್ತಿರೋ ಥರ" ಎಂದ. ಮುಂದಿನ ಸೀಟಿನಲ್ಲಿ ರಾಜಾಜಿನಗರದ ರುದ್ರಮುನಿ ಕೂತಿದ್ದರು, ಸರ್ಕಾರಿ ಕೆಲಸದಿಂದ ನಿವೃತ್ತರಾದವರು. ಪಕ್ಕದಲ್ಲಿ ಹೆಂಡತಿ ನೀಲಾಂಬಿಕಾ. ಮಧ್ಯದ ಸೀಟುಗಳಲ್ಲೆಲ್ಲ ಬಸವೇಶ್ವರನಗರದ ಮಹಿಳಾ ಮಂಡಳಿಯ ಹದಿನಾರು ಜನ, ಅವರ ಮುಂದಾಳು ಕೋಕಿಲಾ. ಹಿಂದೆ ಸುಘೋಷ್ ಎಂಬ ಹುಡುಗ, ಆಫೀಸಿನ ಮೂವರು ಗೆಳೆಯರೊಂದಿಗೆ.

ಎರಡನೆಯ ದೇವಸ್ಥಾನ ಮುಗಿಸಿ ಬರುವಾಗ ರಸ್ತೆ ಕವಲೊಡೆಯುತ್ತದೆ. ಬಲಕ್ಕೆ ಹೋದರೆ ಸೇತುವೆ ದಾಟಿ ಅರುಣ್ ಕುಮಾರ್ ಹೇಳಿದ ಹೊಸ ಜಾಗ. ಎಡಕ್ಕೆ ಹೊನ್ನೆಮರಡಿ. ಮುರುಗೇಶ ಬಲಕ್ಕೆ ಇಂಡಿಕೇಟರ್ ಹಾಕಿದ. ಪಾರವ್ವ ಕೊನೆಯ ಸೀಟಿನಿಂದ ಎದ್ದು, ಕಂಬಿ ಹಿಡಿದುಕೊಂಡು ಮುಂದಕ್ಕೆ ಬಂದಳು.

"ಎಡಕ್ಕ ಹೊಡಿಯಪಾ" ಎಂದಳು.

"ಓನರ್ ಬಲಕ್ಕೆ ಅಂದಿದಾರೆ. ಲತಾ ಮೇಡಂ, ನೀವೇ ಹೇಳಿ."

"ತಪ್ಪು ಮಾಡಿದ ಊರು ಬಿಟ್ಟು ಬ್ಯಾರೆ ಊರಾಗ ಶ್ಯಾಣ್ಯಾತನಾ ತೋರಿಸಿದ್ರ ಏನ್ ಬಂತು?" ಎಂದಳು ಪಾರವ್ವ, ನನ್ನ ಕಡೆ ನೋಡದೆ.

ಬಸ್ಸು ಕವಲಿನಲ್ಲಿ ನಿಂತಿತ್ತು. ಹಿಂದೆ ಒಂದು ಟ್ರ್ಯಾಕ್ಟರು ಹಾರ್ನ್ ಹೊಡೆಯುತ್ತಿತ್ತು. ನನ್ನ ಮಗಳ ಕಾಲೇಜು, ಮನೆ ಬಾಡಿಗೆ, ಎಲ್ಲ ಕಣ್ಮುಂದೆ ಬಂದವು. ಜೊತೆಗೆ ನನ್ನ ಕಾಲ ಮುಂದೆ ಬೋರಲಾದ ಬಾಂಡ್ಲಿಯೂ ಬಂತು.

"ಎಡಕ್ಕೆ ತಗೋ ಮುರುಗೇಶ" ಎಂದೆ.

ಹೊಳೆದಂಡೆಯ ಅರಳಿಮರದ ಕೆಳಗೆ ಪಾರವ್ವ ಬಡಿಸಿದಳು. ಸ್ಟೀಲ್ ತಟ್ಟೆ ನೋಡಿ ಮಹಿಳಾ ಮಂಡಳಿಯವರು, "ಅರೆ, ಮದುವೆ ಮನೆ ಇದ್ದಂಗಿದೆ" ಎಂದು ಖುಷಿಪಟ್ಟರು. ಊಟ ನಡೆಯುತ್ತಿದ್ದಾಗಲೇ ಪುಟ್ಟಮಾದಮ್ಮ ಮತ್ತು ಐದಾರು ಹೆಂಗಸರು ಬಂದು ಸ್ವಲ್ಪ ದೂರದಲ್ಲಿ ಕೂತರು. ಅಲ್ಲಿಂದಲೇ ತಟ್ಟೆಗಳನ್ನು ನೋಡುತ್ತಿದ್ದರು.

ಪಾರವ್ವ ಹೊಳೆಯಿಂದ ದೂರಕ್ಕೆ, ತೆಂಗಿನ ಮರಗಳ ಬುಡದಲ್ಲಿ ಎರಡು ಟಬ್ಬು ಇಟ್ಟು ನೀರು ತುಂಬಿಸಿದ್ದಳು. ಬೂದಿ, ಸೀಗೆಪುಡಿ, ನಾರು ಸಾಲಾಗಿ ಇದ್ದವು. ಎಂಜಲು ಹಾಕಲು ಬೇರೆ ಬಕೆಟ್ಟು. "ಉಂಡವರು ಇಲ್ಲಿ ಬಂದು ತಮ್ಮ ತಾಟ ತೊಳದು ಈ ಚೀಲಕ್ಕ ಹಾಕ್ರಿ" ಎಂದು ಒಮ್ಮೆ ಮಾತ್ರ ಹೇಳಿದಳು.

ಮೊದಲು ಊಟ ಮುಗಿಸಿದವರು ರುದ್ರಮುನಿ. ತಟ್ಟೆ ಹಿಡಿದುಕೊಂಡು ಟಬ್ಬಿನ ತನಕ ಬಂದರು. ಒಮ್ಮೆ ನೋಡಿದರು. ಪಕ್ಕದ ಬಂಡೆಯ ಮೇಲೆ ತಟ್ಟೆ ಇಟ್ಟು, ಅದರ ಅಂಚಿನಲ್ಲೇ ಕೈ ತೊಳೆದು, ಕರ್ಚೀಫಿನಲ್ಲಿ ಒರೆಸಿಕೊಳ್ಳುತ್ತ ಬಸ್ಸಿನ ಕಡೆ ನಡೆದರು. ಅವರ ಹಿಂದೆ ಬಂದ ಸುಘೋಷನ ಗೆಳೆಯ ಟಬ್ಬು ನೋಡಿದ, ಬಂಡೆ ನೋಡಿದ, ತನ್ನ ತಟ್ಟೆಯನ್ನು ರುದ್ರಮುನಿಯವರ ತಟ್ಟೆಯ ಮೇಲಿಟ್ಟ. ಆಮೇಲೆ ಸುಘೋಷ. ಆಮೇಲೆ ಮಂಡಳಿಯ ಇಬ್ಬರು. ನೋಡನೋಡುತ್ತಿದ್ದಂತೆ ಬಂಡೆಯ ಮೇಲೆ ಒಂಬತ್ತು ತಟ್ಟೆಗಳು ಪೇರಿಕೊಂಡವು. ಅವರಲ್ಲಿ ಯಾರೂ ಕೆಟ್ಟವರಲ್ಲ. ಪ್ರತಿಯೊಬ್ಬರೂ ತಮ್ಮ ಮುಂದಿನವರು ಏನು ಮಾಡಿದರೆಂದು ನೋಡಿ ಅದನ್ನೇ ಮಾಡಿದರು, ಅಷ್ಟೇ.

ನಾನು ಗಾಬರಿಯಾಗಿ ಬಸ್ಸಿನಿಂದ ಕೈಮೈಕು ತರಲು ಹೊರಟೆ. ಪಾರವ್ವ ಕೈ ಅಡ್ಡ ಹಿಡಿದಳು. "ನಿಂದರ್ರಿ ಅಕ್ಕಾರ. ಅದರಾಗ ಹೇಳಿದ್ದು ಕಿವ್ಯಾಗ ಉಳಿಯಂಗಿಲ್ಲ."

ಅವಳು ಹೋಗಿ ಬಸ್ಸಿನ ಮೆಟ್ಟಿಲ ಮೇಲೆ ಕೂತಳು. ಬಾಗಿಲಿಗೆ ಅಡ್ಡವಾಗಿ, ಎರಡೂ ಮೊಣಕಾಲ ಮೇಲೆ ಕೈ ಊರಿ.

"ಆ ಕಲ್ಲಿನ ಮ್ಯಾಲಿನ ತಾಟ ಯಾರವು ಅವರ ತೊಳೀಬೇಕು" ಎಂದಳು ಗಟ್ಟಿಯಾಗಿ. "ಅಲ್ಲೀತನಕ ಬಸ್ ಹೊಂಡಂಗಿಲ್ಲ."

ಒಳಗೆ ಹತ್ತಲು ಬಂದಿದ್ದ ರುದ್ರಮುನಿಯವರ ಮುಖ ಕೆಂಪಾಯಿತು. "ಏನಮ್ಮ ಇದು? ನಾನು ದುಡ್ಡು ಕೊಟ್ಟು ಬಂದಿರೋದು ಊಟ ಮಾಡೋಕೆ, ಮುಸುರೆ ತಿಕ್ಕೋಕಲ್ಲ. ದಾರಿ ಬಿಡು."

"ಬಿಡಂಗಿಲ್ರಿ."

ಅವರು ಅಲ್ಲೇ ನಿಂತು ಅರುಣ್ ಕುಮಾರ್‌ಗೆ ಫೋನ್ ಹಚ್ಚಿದರು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದರು. ಅರುಣ್ ಕುಮಾರ್ ದನಿ ಹೊಳೆಯ ಸದ್ದಿನ ಮೇಲೂ ಕೇಳಿಸಿತು. "ಯಾರ್ ಹೇಳಿದ್ದು ಹೊನ್ನೆಮರಡಿಗೆ ಹೋಗೋಕೆ? ಪಾರವ್ವ, ಎದ್ದೇಳಿ ಅಲ್ಲಿಂದ! ಇವತ್ತಿಗೆ ನಿಮ್ಮ ಕೆಲಸ ಮುಗೀತು. ಕೇಳಿಸ್ತಾ?"

"ಕೇಳಿಸ್ತ್ರಿ" ಎಂದಳು ಪಾರವ್ವ, ದನಿ ಏರಿಸದೆ. "ಕೆಲಸಾ ನಿಮ್ಮ ಕೈಯಾಗಿಂದು, ತಗೋರಿ. ತಾಟ ನಮ್ಮ ಗಲ್ಲಿ ಹೆಂಗಸರು ಕೊಟ್ಟಿದ್ದು. ಅವು ತೊಳದು ಚೀಲಾ ಸೇರೂತನಕ ನಾ ಈ ಮೆಟ್ಟಲಾ ಬಿಟ್ಟು ಏಳಂಗಿಲ್ಲ."

"ಮುರುಗೇಶ, ಗಾಡಿ ತೆಗಿಯೋ!"

ಮುರುಗೇಶ ಬಸ್ಸಿನ ನೆರಳಲ್ಲಿ ನಿಂತು ಬೀಡಿ ಹಚ್ಚುತ್ತಿದ್ದ. "ಬಾಗಿಲಲ್ಲಿ ಕೂತವ್ರೆ ಸಾರ್, ಹೆಂಗೆ ತೆಗೀಲಿ?" ಎಂದು ಅಲ್ಲಿಂದಲೇ ಕೂಗಿದ. ನಾನು ಹೋಗಿ ರುದ್ರಮುನಿಯವರ ಕೈಯಲ್ಲಿದ್ದ ಫೋನಿನ ಹತ್ತಿರ ಬಾಯಿ ತಂದು, "ಹೊನ್ನೆಮರಡಿಗೆ ಬರೋಕೆ ಹೇಳಿದ್ದು ನಾನು ಸಾರ್. ಬಸ್ಸು ತಡವಾಗುತ್ತೆ" ಎಂದೆ. ಆಚೆ ಕಡೆ ಫೋನ್ ಕಟ್ಟಾಯಿತು.

ಇನ್ನೂ ಊಟ ಮಾಡುತ್ತಿದ್ದ ನೀಲಾಂಬಿಕಾ ಮೊದಲಾದವರು ಎದ್ದು ತಮ್ಮ ತಟ್ಟೆ ತೊಳೆದರು, ಆದರೆ ಬಂಡೆಯ ಮೇಲಿನ ಒಂಬತ್ತು ತಟ್ಟೆಗೆ ಅರ್ಧ ಗಂಟೆ ಯಾರೂ ಕೈ ಹಾಕಲಿಲ್ಲ. ಬಿಸಿಲು ಮರದ ನೆರಳನ್ನು ಸರಿಸುತ್ತ ಬಂತು. ಮಂಡಳಿಯವರಲ್ಲಿ ಗುಸುಗುಸು ಶುರುವಾಯಿತು. ಆಗ ಪುಟ್ಟಮಾದಮ್ಮ ಎದ್ದು ಬಂದು ಕೋಕಿಲಾ ಪಕ್ಕದಲ್ಲಿ ಕೂತು, ನಿಮ್ಮದು ಯಾವೂರು, ಎಷ್ಟು ಮಕ್ಕಳು ಎಂದು ವಿಚಾರಿಸತೊಡಗಿದಳು. ಕೋಕಿಲಾ ಮೊದಲು ಸಂಕೋಚದಿಂದ, ಆಮೇಲೆ ಸಲೀಸಾಗಿ ಮಾತಾಡಿದರು. ಮಾತು ಹಸುವಿನ ಕಡೆಗೆ ಹೊರಳಿತು. ಎಷ್ಟು ಲೀಟರ್ ಕೊಡುತ್ತಿತ್ತು, ಮೂರು ದಿನ ಹೇಗೆ ಮೇವು ಮುಟ್ಟದೆ ಮಲಗಿತ್ತು, ಮೊಮ್ಮಗಳು ಅದರ ಪಕ್ಕ ಹೇಗೆ ಕೂತಿದ್ದಳು, ಎಲ್ಲವನ್ನೂ ಪುಟ್ಟಮಾದಮ್ಮ ಹೇಳಿದಳು. ದೂರು ಹೇಳುವ ದನಿಯಲ್ಲಲ್ಲ, ನೆಂಟರಿಗೆ ಮನೆಯ ಸಂಗತಿ ಹೇಳುವ ಹಾಗೆ.

ಸುಘೋಷ್ ಅಲ್ಲೇ ಹಿಂದೆ ಫೋನ್ ನೋಡುತ್ತ ನಿಂತಿದ್ದವನು ಫೋನು ಕೆಳಗಿಳಿಸಿದ. "ಅಮ್ಮಾ, ಅದು ನಮ್ ಬಸ್ಸಿನ ಕವರೇನಾ?" ಎಂದು ಕೇಳಿದ.

"ನಿಮ್ ಬಸ್ಸಿಂದೇ ಕಣಪ್ಪ."

ಅವನು ಇನ್ನೇನೂ ಕೇಳದೆ ಬಂಡೆಯ ಹತ್ತಿರ ಹೋಗಿ ತನ್ನ ತಟ್ಟೆ ಹುಡುಕತೊಡಗಿದ. ಗೆಳೆಯ, "ಮಗಾ, ಏನೋ ಮಾಡ್ತಿದ್ದೀಯಾ?" ಎಂದ. "ನೀನೂ ಬಾ ಗುರು, ಸುಮ್ನೆ" ಎಂದ ಸುಘೋಷ್. ಅವನಿಗೆ ಬೂದಿ ಹಚ್ಚುವುದು ಗೊತ್ತಿರಲಿಲ್ಲ. ಪುಟ್ಟಮಾದಮ್ಮ ಹೋಗಿ ತೋರಿಸಿದಳು. ಗೆಳೆಯರು ಹೋದರು. ಮಂಡಳಿಯ ಇಬ್ಬರು ಹೋದರು, ಉಳಿದವರೂ ಹೋದರು. ಟಬ್ಬಿನ ಸುತ್ತ ನಗು, ನೀರೆರಚಾಟ ಎಲ್ಲ ಶುರುವಾಯಿತು. ಬಂಡೆಯ ಮೇಲೆ ಕೊನೆಗೆ ಒಂದೇ ತಟ್ಟೆ ಉಳಿಯಿತು.

ನೀಲಾಂಬಿಕಾ ಎದ್ದು ಅದನ್ನು ತೆಗೆದುಕೊಂಡರು.

"ಇಡ್ರಿ ತಾಯಿ" ಎಂದಳು ಪಾರವ್ವ ಮೆಟ್ಟಿಲ ಮೇಲಿಂದಲೇ. "ನಿಮ್ಮದು ನೀವು ತೊಳದೀರಿ. ಅದು ಅವರದು."

ನೀಲಾಂಬಿಕಾ ತಟ್ಟೆ ಹಿಡಿದುಕೊಂಡೇ ಗಂಡನ ಕಡೆ ತಿರುಗಿದರು. "ಮಠದ ಹಾಸ್ಟೆಲ್ಲಿನಲ್ಲಿ ಏಳು ವರ್ಷ ನಿಮ್ಮ ತಟ್ಟೆ ನೀವೇ ತೊಳೀತಿದ್ರಿ ಅಂತ ನಿಮ್ಮಮ್ಮನೇ ಹೇಳ್ತಿದ್ರು. ಒಂದು ತಟ್ಟೆ ಅಲ್ವಾ? ತೊಳೆದ್ಬಿಡಿ."

"ಬಾಯ್ಮುಚ್ಚು ನೀನು!" ಎಂದು ರುದ್ರಮುನಿ ಕಿರುಚಿದರು. ಟಬ್ಬಿನ ಸುತ್ತಲಿನ ನಗು ನಿಂತಿತು. "ಹೌದು, ತೊಳೆದಿದೀನಿ. ಮನೇಲಿ ಹಿಟ್ಟಿಲ್ಲ ಅಂತ ಅಲ್ಲಿ ಬಿಟ್ಟಿದ್ರು. ಚಳಿಗಾಲದ ಬೆಳಿಗ್ಗೆ ಸಾಲಲ್ಲಿ ಕೂತು ತೊಳೆದಿದೀನಿ. ಇನ್ನು ಜನ್ಮದಲ್ಲಿ ತಟ್ಟೆ ಮುಟ್ಟಲ್ಲ ಅಂತ ಆವತ್ತೇ ಅಂದ್ಕೊಂಡಿದ್ದೆ. ಅದಕ್ಕೇ ಓದಿದ್ದು, ಅದಕ್ಕೇ ಕೆಲಸ ಹಿಡಿದಿದ್ದು."

ಪಾರವ್ವ ಮೆಟ್ಟಿಲ ಮೇಲೆ ಮುಂದಕ್ಕೆ ಬಾಗಿದಳು.

"ಅಲ್ರಿ ಯಪ್ಪಾ, ನಿಮ್ಮ ತಾಟ ನೀವು ತೊಳದದ್ದ ನಿಮಗ ಅಷ್ಟು ಅವಮಾನ ಆಗಿದ್ರ, ನೀವು ಬಿಟ್ಟು ಬಂದ ತಾಟ ತೊಳಿಯಾಕಿಗೆ ಹೆಂಗ ಆಗಬಾರದು?"

ಅವರು ಬೆನ್ನು ತಿರುಗಿಸಿದರು. ರಸ್ತೆಯ ತನಕ ನಡೆದುಹೋದರು. ಅಲ್ಲಿ ಐದು ನಿಮಿಷ ನಿಂತರು. ಸಂಜೆಯವರೆಗೆ ಆ ಊರಿಗೆ ಬಸ್ಸಿರಲಿಲ್ಲ, ಅದು ಅವರಿಗೂ ಗೊತ್ತಿದ್ದಿರಬೇಕು. ತಿರುಗಿ ಬಂದರು. ಹೆಂಡತಿಯ ಕೈಯಿಂದ ತಟ್ಟೆಯನ್ನು ಕಿತ್ತುಕೊಂಡು, ಪ್ಯಾಂಟು ಮೇಲಕ್ಕೆಳೆದು, ಟಬ್ಬಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಒಂದು ಚಿಟಿಕೆ ಬೂದಿ, ನಾರು, ಅಂಗೈಯ ಮೂರು ಸುತ್ತು. ತಟ್ಟೆ ಕನ್ನಡಿಯಾಯಿತು. ನಮ್ಮಲ್ಲಿ ಯಾರೂ ಅಷ್ಟು ಚೆನ್ನಾಗಿ ತೊಳೆದಿರಲಿಲ್ಲ. ಯಾರೋ ಚಪ್ಪಾಳೆಗೆ ಕೈ ಎತ್ತಿದರು. ಪಾರವ್ವ ಕಣ್ಣಿನಲ್ಲೇ ಬೇಡ ಎಂದಳು. ಆಮೇಲೆ ಎದ್ದು ಬಾಗಿಲು ಬಿಟ್ಟಳು.

ವಾಪಸು ಬರುವಾಗ ರುದ್ರಮುನಿ ಫೋನಿನಲ್ಲಿ ಟೈಪು ಮಾಡುತ್ತ ಕೂತರು. ಕೆಂಗೇರಿ ದಾಟುವಷ್ಟರಲ್ಲಿ ಕಂಪನಿಯ ಹೆಸರಿಗೆ ಒಂದು ಸ್ಟಾರ್ ಕೊಟ್ಟು ಉದ್ದನೆಯ ರಿವ್ಯೂ ಬರೆದು ಹಾಕಿದ್ದರು.

ಸೋಮವಾರ ಅರುಣ್ ಕುಮಾರ್ ನಮ್ಮಿಬ್ಬರನ್ನೂ ಕೆಲಸದಿಂದ ತೆಗೆದರು. ಬುಧವಾರ ಅವರೇ ಫೋನ್ ಮಾಡಿ ಕರೆಸಿದರು. ಮಂಡಳಿಯವರು, ಸುಘೋಷನ ಆಫೀಸಿನವರು ಮತ್ತೆ ಅದೇ ಟ್ರಿಪ್ಪು ಬೇಕೆಂದು ಕೇಳಿದ್ದರಂತೆ. "ಒಂದು ದಾರಿ ಇದೆ" ಎಂದರು ಅರುಣ್ ಕುಮಾರ್. "ಎರಡೂ ಇಟ್ಬಿಡೋಣ. ಬೇಕಾದವರು ಸ್ಟೀಲು ತಗೊಳ್ಲಿ, ಬೇಡದವರಿಗೆ ಯೂಸ್ ಅಂಡ್ ಥ್ರೋ. ಯಾರಿಗೂ ಬಲವಂತ ಬೇಡ. ಏನಂತೀರಿ?"

ನನಗೆ ಅದು ನ್ಯಾಯವಾಗಿಯೇ ಕಂಡಿತು. ಹೂಂ ಅನ್ನಲು ಬಾಯಿ ತೆರೆದೂ ಇದ್ದೆ.

"ಆಗಂಗಿಲ್ರಿ" ಎಂದಳು ಪಾರವ್ವ. "ಒಬ್ಬಾಂವ ಬಿಸಾಕೂ ತಾಟ ತಗೊಂಡ್ರ ಅವನ ಹಿಂದಿನಾಂವ ಅದಕ್ಕ ಕೈ ಚಾಚತಾನ. ಮೊನ್ನೆ ಆ ಕಲ್ಲಿನ ಮ್ಯಾಲೆ ಕಂಡೀನಿ. ಇದ್ರ ಎಲ್ಲಾರಿಗೂ ಸ್ಟೀಲು. ಇಲ್ಲಂದ್ರ ನಾ ಇಲ್ಲ."

"ಹಾಗಾದ್ರೆ ಹೋಗಿ" ಎಂದರು ಅರುಣ್ ಕುಮಾರ್. "ಮೇಡಂ, ನೀವು?"

"ನಾನೂ ಇಲ್ಲ ಸಾರ್" ಎಂದೆ. ಆಗ ಭಯವಾಯಿತೇ ಎಂದು ಆಮೇಲೆ ಮಗಳು ಕೇಳಿದಳು. ಆಯಿತು. ಬೇಕರಿಯ ಮೆಟ್ಟಿಲು ಇಳಿಯುವಾಗ ತಿಂಗಳ ಬಾಡಿಗೆಯ ಲೆಕ್ಕ ಹಾಕುತ್ತಿದ್ದೆ. ಆದರೆ ಹಿಂದಕ್ಕೆ ಹತ್ತಬೇಕೆನಿಸಲಿಲ್ಲ.

ಕೋಕಿಲಾ ಅವರ ಮಂಡಳಿಯೇ ಒಂದು ಬಸ್ಸು ಗೊತ್ತುಮಾಡಿತು. ಮೂರು ವಾರದ ನಂತರ ಸುಘೋಷನೂ ಸೇರಿ ಇಪ್ಪತ್ತೊಂಬತ್ತು ಜನರೊಂದಿಗೆ ನಾನೂ ಪಾರವ್ವನೂ ಮತ್ತೆ ಹೊನ್ನೆಮರಡಿಗೆ ಹೋದೆವು. ಹೊರಡುವಾಗ ಪೀಣ್ಯದಿಂದ ಬಂದಿದ್ದ ಹೊಸಬರೊಬ್ಬರು, "ಏನ್ರೀ, ತಟ್ಟೆ ತೊಳೀಬೇಕಂತೆ?" ಎಂದು ನನ್ನನ್ನು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಮಂಡಳಿಯ ಹೆಂಗಸೊಬ್ಬರು, "ನಮ್ಮಲ್ಲಿ ಹಾಗೇ ಸಾರ್" ಎಂದರು. ಅವರು ಸುಮ್ಮನೆ ತಲೆಯಾಡಿಸಿ ಕೂತರು. ಆ 'ನಮ್ಮಲ್ಲಿ' ಎಂಬ ಮಾತು ಯಾವಾಗ ಹುಟ್ಟಿತೋ ನನಗೆ ಗೊತ್ತಾಗಲಿಲ್ಲ.

ಊಟ ಮುಗಿದು ಅರ್ಧ ತಟ್ಟೆಗಳು ಚೀಲ ಸೇರಿದ್ದವು. ಅಷ್ಟರಲ್ಲಿ ಇನ್ನೊಂದು ಬಸ್ಸು ಬಂತು. ಕೆರೆಕೋಡಿ ಟೂರ್ಸ್. ಸ್ಟೀರಿಂಗ್ ಹಿಂದೆ ಮುರುಗೇಶ. ಅವನು ನಮ್ಮನ್ನು ನೋಡಿದ, ನೋಡದವನ ಹಾಗೆ ಇಳಿದು ಟೈರು ಒದೆಯುತ್ತ ನಿಂತ. ಹೊನ್ನೆಮರಡಿಯನ್ನೇ ಕೇಳುವವರು ಹೆಚ್ಚಾದ್ದರಿಂದ ಅರುಣ್ ಕುಮಾರ್ ಮತ್ತೆ ಇಲ್ಲಿಗೇ ಕಳಿಸಿದ್ದಿರಬೇಕು. ನಲವತ್ತು ಜನ ಇಳಿದರು. ಹೊಸ ಅಡುಗೆಯವನು ಮೇಜು ಹಾಕಿ, ಬೆಳ್ಳಿ ಬಣ್ಣದ ಥರ್ಮಾಕೋಲ್ ತಟ್ಟೆಗಳ ಕಟ್ಟನ್ನು ಹರಿದ. ದಂಡೆಯ ಮೇಲಿನ ಮನೆಗಳ ಜಗಲಿಗಳಿಂದ ಊರಿನ ಹೆಂಗಸರು ಎದ್ದುನಿಂತರು. ಈ ಸಲ ಜಗಳವೇ ಆಗುತ್ತದೆ ಎಂದುಕೊಂಡೆ.

ಪಾರವ್ವ ತೊಳೆದ ತಟ್ಟೆಗಳಲ್ಲಿ ಹತ್ತನ್ನು ಎದೆಗವಚಿಕೊಂಡು ಆ ಬಸ್ಸಿನ ಕಡೆ ನಡೆದಳು. ಯಾರನ್ನೂ ಕರೆಯಲಿಲ್ಲ. ಕೋಕಿಲಾ ಒಂದಿಷ್ಟು ಎತ್ತಿಕೊಂಡು ಹಿಂದೆ ಹೊರಟರು. ಆಮೇಲೆ ಸುಘೋಷ್. ಆಮೇಲೆ ಒಬ್ಬರ ಹಿಂದೆ ಒಬ್ಬರಂತೆ ಉಳಿದವರೆಲ್ಲ. ಪೀಣ್ಯದವರೂ ಒದ್ದೆ ತಟ್ಟೆಯನ್ನು ಶರ್ಟಿಗೆ ಒರೆಸುತ್ತ ಬಂದರು. ಆ ಬಸ್ಸಿನವರು ಊಟದ ಸಾಲಿನಲ್ಲಿ ನಿಂತೇ ನಮ್ಮನ್ನು ಬೆರಗಿನಿಂದ ನೋಡಿದರು.

ಪಾರವ್ವ ಮೇಜಿನ ಮುಂದೆ ನಿಂತಳು. "ಇಗೋರಿ, ತೊಳದ ತಾಟ ಅದಾವ" ಎಂದಳು. "ಇದರಾಗ ಉಣ್ರಿ. ಉಂಡು ನೀವು ತೊಳದ್ ಕೊಡ್ರಿ. ಆ ತಾಟ ಈ ಊರಾಗ ನಡಿಯಂಗಿಲ್ಲ."

"ಯಾರಮ್ಮ ನೀನು? ಹೋಗಾಚೆ" ಎಂದ ಹೊಸ ಅಡುಗೆಯವನು. ಅವನ ಜೊತೆ ಬಂದಿದ್ದ ಹೊಸ ಮ್ಯಾನೇಜರು ಆಗಲೇ ಫೋನು ಕಿವಿಗಿಟ್ಟಿದ್ದ. ಸಾಲಿನಲ್ಲಿ ಮೊದಲು ನಿಂತಿದ್ದ ಹೆಂಗಸು ಪಾರವ್ವನನ್ನು ನೋಡಿದಳು, ಥರ್ಮಾಕೋಲಿನ ಕಟ್ಟು ನೋಡಿದಳು, ಹಿಂತಿರುಗಿ ತನ್ನ ಹಿಂದೆ ನಿಂತವರ ಮುಖ ನೋಡಿದಳು. ಯಾರೂ ಕೈ ಚಾಚಲಿಲ್ಲ. ಪಾರವ್ವ ತಟ್ಟೆ ಚಾಚಿಕೊಂಡೇ ನಿಂತಿದ್ದಳು. ತಟ್ಟೆಗಳ ಭಾರಕ್ಕೆ ಅವಳ ತೋಳು ಕೆಳಕ್ಕೆ ಜಗ್ಗುತ್ತಿದ್ದದ್ದು ನನಗೆ ಕಾಣಿಸಿತು.

ಟೈರಿನ ಹತ್ತಿರ ನಿಂತಿದ್ದ ಮುರುಗೇಶ ಬೀಡಿಯನ್ನು ಹೊಸಕಿ, ಆರಿದ ತುಂಡನ್ನು ಜೇಬಿಗೆ ಹಾಕಿಕೊಂಡು, ಮ್ಯಾನೇಜರನ್ನು ದಾಟಿ ನೇರವಾಗಿ ಬಂದ.

"ಕೊಡಕ್ಕ" ಎಂದು ಎರಡೂ ಕೈ ಚಾಚಿ ಮೊದಲನೆಯ ತಟ್ಟೆ ತೆಗೆದುಕೊಂಡ.